ಮೇಲಿನ ಕೋಣೆಯ ಎಂ.ಎಸ್ಸಿ. ಮತ್ತು ಸರಕಾರಿ ಅಕ್ಕಿ

ನನ್ನ ತವರುಮನೆ ಉದಗೀರಿನಲ್ಲಿ ನಾಲ್ಕು ತಲೆಮಾರಿನದು. ನಿಜಾಮರ ಕಾಲದಲ್ಲಿ ನಮ್ಮ ಮುತ್ತಜ್ಜ ನೆಲದೊಳಗಿನ ಹಗೇವು ತೆಗೆಸಿದರೆ ಓಣಿಗೆಲ್ಲ ಜೋಳದ ವಾಸನೆ ಹರಡುತ್ತಿತ್ತಂತೆ. ನಮ್ಮ ಅಂಗಳದಿಂದ ಯಾರೂ ಖಾಲಿ ಸೆರಗು ಹಿಡಿದು ಹೋದದ್ದಿಲ್ಲ, ನಾವು ಯಾರ ಅಂಗಳಕ್ಕೂ ಸೆರಗು ಒಡ್ಡಿದ್ದಿಲ್ಲ. ಕೊಟ್ಟ ಮನೆ ಉಮರಗಾದ್ದು, ಅದೂ ಅಷ್ಟೇ ತೂಕದ್ದು. ಮುರುಮದ ದಾರಿಯಲ್ಲಿ ಹೊಲ, ಪೇಟೆಯಲ್ಲಿ ಎರಡು ಅಂತಸ್ತಿನ ಮನೆ, ಕಬ್ಬಿಣದ ಕಪಾಟಿನಲ್ಲಿ ಹೊಲದ ಕಾಗದಗಳ ಜೊತೆಗೆ ಒಂದು ಬಿಳಿ ರೇಷನ್ ಕಾರ್ಡು. ಬಿಳಿ ಕಾರ್ಡಿಗೆ ಸರಕಾರ ಒಂದು ಕಾಳನ್ನೂ ಕೊಡುವುದಿಲ್ಲ. ಅದೇ ಅದರ ಮರ್ಯಾದೆ.

ನಾನು ಓದಿದ್ದು ಹೈದರಾಬಾದಿನ ಕಾನ್ವೆಂಟಿನಲ್ಲಿ. ಚಮಚವನ್ನು ತಟ್ಟೆಯ ಯಾವ ಕಡೆ ಇಡಬೇಕು, ಪಾದರಕ್ಷೆಗಳನ್ನು ಹೇಗೆ ಜೋಡಿಸಬೇಕು, ಸುಳ್ಳನ್ನು ಯಾಕೆ ಹೇಳಬಾರದು, ಈ ಮೂರನ್ನೂ ಅಲ್ಲಿ ಒಂದೇ ಗಾಂಭೀರ್ಯದಿಂದ ಕಲಿಸಿದರು. ಈಚೆಗೆ ಈ ಮೂರರಲ್ಲಿ ಎರಡು ನನಗೆ ತೊಂದರೆ ಕೊಟ್ಟಿವೆ.

ನಗೆಪಾಟಲಿನ ಪ್ರಸಂಗಗಳು ಶಿಸ್ತಿಲ್ಲದ ಮನೆಗಳನ್ನು ಹುಡುಕಿಕೊಂಡು ಹೋಗುತ್ತವೆ ಎಂದು ನಾನು ತಿಳಿದಿದ್ದೆ. ಮೇಲಿನ ಕೋಣೆಯನ್ನು ಬಾಡಿಗೆಗೆ ಕೊಟ್ಟ ದಿನದಿಂದ ಅವಕ್ಕೆ ನಮ್ಮ ಮನೆಯ ವಿಳಾಸವೂ ಸಿಕ್ಕಿದೆ.

ಮೆಟ್ಟಿಲ ಮೇಲಿನ ಚೀಲ

ಕೋಣೆಗೆ ಬಂದವಳು ಗುಂಜೋಟಿ ಕಡೆಯ ಹುಡುಗಿ. ಕುರಿ ಸಾಕುವ ಮನೆತನ, ಬೀರಪ್ಪನ ಒಕ್ಕಲು. ಅಪ್ಪ ಅವ್ವ ವರ್ಷದ ಅರ್ಧ ಭಾಗ ಕುರಿಗಳ ಹಿಂದೆ ತಿರುಗುತ್ತಾರೆ. ಮಗಳು ಗಣಿತದಲ್ಲಿ ಎಂ.ಎಸ್ಸಿ., ಪ್ರಥಮ ದರ್ಜೆ. ಬೆಳಿಗ್ಗೆ ಒಂದು ಖಾಸಗಿ ಕ್ಲಾಸಿನಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು, ಉಳಿದ ಹೊತ್ತೆಲ್ಲ ಸರಕಾರಿ ನೌಕರಿಯ ಪರೀಕ್ಷೆಗೆ ಓದುವುದು. ನಾನು ಪ್ರಮಾಣಪತ್ರಗಳನ್ನು ಕನ್ನಡಕ ಹಾಕಿಕೊಂಡು ನೋಡಿ, ಉಗುರುಗಳನ್ನು ಕನ್ನಡಕ ತೆಗೆದು ನೋಡಿ ಕೀಲಿ ಕೊಟ್ಟೆ. ಇಡೀ ಗಲ್ಲಿ ನನ್ನನ್ನು ಬಾಯಿಸಾಬ ಎಂದು ಕರೆಯುತ್ತದೆ. ಈಕೆ ಮೊದಲ ದಿನವೇ, ಅಪ್ಪಣೆ ಕೇಳದೆ, ಚಿಕ್ಕಮ್ಮನನ್ನು ಕರೆದಂತೆ ಕಾಕು ಎಂದಳು.

ಎಂಟು ದಿನಕ್ಕೆ ಮೆಟ್ಟಿಲ ಮೇಲೆ ಒಂದು ಚೀಲ ಕಂಡಿತು. ಬಿಚ್ಚಿ ನೋಡಿದೆ. ರೇಷನ್ ಅಕ್ಕಿ. ತನ್ನ ಮನೆಯ ಹಳದಿ ಕಾರ್ಡಿನ, ಅಂದರೆ ಬಡವರ ಕಾರ್ಡಿನ, ಮೇಲೆ ತನ್ನ ಪಾಲಿನದನ್ನು ಇಲ್ಲಿಯ ಅಂಗಡಿಯಲ್ಲೇ ಹೆಬ್ಬೆಟ್ಟು ಒತ್ತಿ ತಂದಿದ್ದಳು. ಎಂ.ಎಸ್ಸಿ. ಮಾಡಿದ ಹೆಬ್ಬೆಟ್ಟು! ಕರೆಸಿದೆ. ಇಷ್ಟು ಕಲಿತವಳು ಸರಕಾರದ ಪುಕ್ಕಟೆ ಅಕ್ಕಿಗೆ ಕೈ ಒಡ್ಡಬಹುದೇ, ಹಾಗಾದರೆ ಕಲಿತು ಏನು ಬಂತು ಎಂದು ಕೇಳಿದೆ. ಆಕೆ ಚೀಲದ ಬಾಯನ್ನು ನನಗಿಂತ ಅಚ್ಚುಕಟ್ಟಾಗಿ ಕಟ್ಟಿದಳು.

"ಎಂ.ಎಸ್ಸಿ. ಆದ ಮ್ಯಾಲ ಹಸಿವಿ ಬಂದ್ ಆಗ್ತದ ಅಂತ ಕಾಲೇಜಿನ್ಯಾಗ ಯಾರೂ ಹೇಳಲಿಲ್ರಿ ಕಾಕು. ಹೇಳಿದ್ರ ಇನ್ನಾ ಜಲ್ದಿ ಮುಗಸ್ತಿದ್ದೆ."

ಅಯ್ಯನವರ ಜೋಳಿಗೆ

ನಮ್ಮ ಮನೆತನಕ್ಕೆ ತಕ್ಕ ಒಂದು ಪರಿಹಾರ ನನಗೆ ಹೊಳೆಯಿತು. ಎರಡು ಹೊತ್ತು ಕೆಳಗೆ ಬಂದು ಉಣ್ಣು, ಆ ಚೀಲ ನನ್ನ ಮೆಟ್ಟಿಲ ಮೇಲೆ ಕಾಣುವುದು ಬೇಡ ಎಂದೆ. ಬೇಡ ಎಂದಳು. ನಿಮ್ಮಲ್ಲಿ ಉಂಡರೆ ಅದು ನಿಮ್ಮ ದೊಡ್ಡಸ್ತಿಕೆ, ನಾನು ಜನ್ಮವಿಡೀ ಅದನ್ನು ಹೊರಬೇಕು. ಈ ಅಕ್ಕಿ ಕಾಯ್ದೆಯಲ್ಲಿ ಬರೆದದ್ದು, ಯಾರ ಮುಖವನ್ನೂ ನೋಡಬೇಕಿಲ್ಲ ಎಂದು ಮೆತ್ತಗೆ ಹೇಳಿದಳು. ನನ್ನ ಊಟವನ್ನು ಅದುವರೆಗೆ ಯಾರೂ ಬೇಡ ಅಂದಿರಲಿಲ್ಲ. ಅಂದಿನಿಂದ ಮೇಲಿನ ನಲ್ಲಿಯ ನೀರನ್ನು ನಾನು ದಿನಕ್ಕೆ ಒಂದೇ ಗಳಿಗೆ ಬಿಡತೊಡಗಿದೆ. ಅದು ಶಿಕ್ಷೆಯಲ್ಲ, ಶಿಸ್ತು.

ಸೋಮವಾರ ನಮ್ಮ ಮಠದ ಅಯ್ಯನವರು ಭಿಕ್ಷೆಗೆ ಬಂದರು. ಕಾಶಿಯಲ್ಲಿ ಹನ್ನೆರಡು ವರ್ಷ ಓದಿದವರು. ನಾನು ಮೊರದ ತುಂಬ ಜೋಳ ತಂದು ಜೋಳಿಗೆಗೆ ಸುರಿದು, ಮೊಣಕಾಲು ನೋವಿದ್ದರೂ ಸಾಷ್ಟಾಂಗ ನಮಸ್ಕಾರ ಮಾಡಿದೆ. ಹುಡುಗಿ ಖಾಲಿ ಕೊಡ ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತಿದ್ದಳು. ಅಯ್ಯನವರು ಹೋದ ಮೇಲೆ, ಅವರು ಎಷ್ಟು ಕಲಿತಿದ್ದಾರೆ ಎಂದು ಬಹಳ ವಿನಯದಿಂದ ಕೇಳಿದಳು. ನಾನು ಅಭಿಮಾನದಿಂದ ಹೇಳಿದೆ. ನನ್ನ ಬಾಯಿಂದಲೇ ಹೇಳಿಸಿಕೊಂಡು ಆಕೆ ಅಂದದ್ದು ಇಷ್ಟು:

"ಅಯ್ಯನೋರು ಕಲತಾರ, ಜೋಳಗಿ ಹಿಡಿತಾರ, ನೀವು ಕಾಲಿಗಿ ಬೀಳ್ತೀರಿ. ಚಲೋನೇ ಅದ. ನಾನೂ ಕಲತೀನಿ, ಸಾಲಿನ್ಯಾಗ ನಿಂತು ಚೀಲ ಹಿಡಿತೀನಿ. ನನ್ನ ಕಾಲಿಗಿ ಬೀಳೋದು ಬ್ಯಾಡ್ರಿ ಕಾಕು, ನಲ್ಲಿ ಬಿಟ್ರ ಸಾಕು."

ಬಿಟ್ಟೆ. ಆಕೆಯ ಕೊಡ ತುಂಬಿ ಹರಿಯುವವರೆಗೆ ನಾನು ನಲ್ಲಿಯ ಕೀಲಿ ಮುಟ್ಟಲಿಲ್ಲ.

ಚಪ್ಪಲಿಗಳ ಸಾಲು

ತಿಂಗಳ ಕೊನೆಯ ದಿನ ಹುಡುಗಿಗೆ ಜ್ವರ ಬಂತು. ಅಂದು ಹೆಬ್ಬೆಟ್ಟು ಒತ್ತದಿದ್ದರೆ ಆ ತಿಂಗಳ ಅಕ್ಕಿ ಹೋದಂತೆಯೇ. ಕಷಾಯ ಕೊಡಲು ಮೇಲೆ ಹೋದೆ. ಗೋಡೆಯ ಮೇಲೆ, ಓದುವ ಮೇಜಿಗೆ ನೇರವಾಗಿ, ಒಂದು ಅರ್ಜಿ ಅಂಟಿಸಿತ್ತು. ನನಗೆ ನೌಕರಿ ಸಿಕ್ಕಿದೆ, ಇನ್ನು ಮುಂದೆ ನನ್ನ ಪಾಲಿನ ಧಾನ್ಯ ಬೇಡ, ಕಾರ್ಡಿನಿಂದ ನನ್ನ ಹೆಸರು ತೆಗೆಯಬೇಕು ಎಂದು ದುಂಡಗಿನ ಅಕ್ಷರದಲ್ಲಿ ಬರೆದು ಸಹಿಯನ್ನೂ ಮಾಡಿದ್ದಳು. ತಾರೀಖಿನ ಜಾಗ ಮಾತ್ರ ಖಾಲಿ. ನಮ್ಮ ಕಪಾಟಿನ ಬಿಳಿ ಕಾರ್ಡಿಗೆ ಮರ್ಯಾದೆ ಇದೆ ಎಂದೆನಲ್ಲ, ಆ ಕಾಗದಕ್ಕೆ ಅದಕ್ಕಿಂತ ಒಂದು ತೂಕ ಹೆಚ್ಚು ಎಂದು ನನಗನಿಸಿತು. ಆಕೆಗೆ ಹೇಳಲಿಲ್ಲ. ನೀನು ಮಲಗು, ಸಾಲಿನಲ್ಲಿ ಜಾಗ ನಾನು ಹಿಡಿಯುತ್ತೇನೆ, ಅಂಗಡಿ ತೆರೆದ ಮೇಲೆ ಹೆಬ್ಬೆಟ್ಟಿಗೆ ಬಾ ಎಂದು ಚೀಲ ತೆಗೆದುಕೊಂಡು ಹೊರಟೆ.

ಅಂಗಡಿ ಇನ್ನೂ ತೆರೆದಿರಲಿಲ್ಲ, ಸಾಲಿನಲ್ಲಿ ಮನುಷ್ಯರೂ ಇರಲಿಲ್ಲ. ಇದ್ದದ್ದು ಒಂದು ಚಪ್ಪಲಿ, ಒಂದು ಚೀಲ, ಒಂದು ಇಟ್ಟಿಗೆ, ಮತ್ತೊಂದು ಚಪ್ಪಲಿ, ಒಂದು ತಂಬಿಗೆ, ಹೀಗೆ ಬಾಗಿಲಿನಿಂದ ರಸ್ತೆಯವರೆಗೆ ಸೊಟ್ಟಗೆ ಬಿದ್ದ ಸಾಮಾನು. ಜನ ರಸ್ತೆಯ ಆಚೆ ಬೇವಿನ ಮರದ ಕೆಳಗೆ ಇತ್ತ ಬೆನ್ನು ಮಾಡಿ ಕೂತು ಚಹಾ ಕುಡಿಯುತ್ತಿದ್ದರು. ನನಗೆ ನೋಡಲಾಗಲಿಲ್ಲ. ಚಪ್ಪಲಿಗಳನ್ನು ಜೋಡಿ ಹುಡುಕಿ ಗೋಡೆಗೆ ಹೊಂದಿಸಿದೆ. ಚೀಲಗಳನ್ನು ಮಡಿಸಿ, ದೊಡ್ಡದರ ಮೇಲೆ ಸಣ್ಣದು ಬರುವಂತೆ ಒಟ್ಟಿದೆ. ಇಟ್ಟಿಗೆಗಳನ್ನು ಗೋಡೆಯ ಮೂಲೆಗೆ ಇಟ್ಟೆ. ಕಾನ್ವೆಂಟಿನ ವರಾಂಡದಂತೆ ಕಂಡಿತು.

ಅಂಗಡಿಯವನು ಬಾಗಿಲು ತೆರೆದ. ಜನ ಎದ್ದು ಬಂದರು. ಸಾಲು ಇಲ್ಲ. ನಾನು ಜೋಡಿಸಿದ್ದು ಕಸವಲ್ಲ, ನಸುಕಿನಿಂದ ಬಂದವರ ಸರದಿಯಂತೆ. ಆಮೇಲೆ ಎದ್ದ ಗದ್ದಲವನ್ನು ನಾನು ಬರೆಯುವುದಿಲ್ಲ, ಅದರಲ್ಲಿ ನಮ್ಮ ಮನೆತನದ ಹೆಸರು ಎರಡು ಭಾಷೆಗಳಲ್ಲಿ ಬಂತು.

ಅಷ್ಟರಲ್ಲಿ ಹುಡುಗಿ ಶಾಲು ಹೊದ್ದುಕೊಂಡು ಬಂದಳು. ಒಂದು ನೋಟದಲ್ಲಿ ನನ್ನ ಕೆಲಸವೆಲ್ಲ ಅವಳಿಗೆ ತಿಳಿಯಿತು. ಕಟ್ಟೆಯ ಮೇಲೆ ನಿಂತು ಒಂದೇ ಮಾತು ಹೇಳಿದಳು: ನೀವು ಎಷ್ಟನೆಯವರು ಅನ್ನಬೇಡಿ, ನಿಮ್ಮ ಮುಂದೆ ಯಾರ ಸಾಮಾನು ಇತ್ತು ಅಷ್ಟೇ ಹೇಳಿ, ಹೋಗಿ ಅವರ ಬೆನ್ನಿಗೆ ನಿಲ್ಲಿ. ತನ್ನ ಸರದಿ ಮರೆತವರು ಇದ್ದರು, ತನ್ನ ಮುಂದೆ ಇದ್ದವರನ್ನು ಮರೆತವರು ಒಬ್ಬರೂ ಇರಲಿಲ್ಲ. ಕಾಲು ಗಂಟೆಯಲ್ಲಿ ಸಾಲು ಮತ್ತೆ ಬೆಳೆದು ರಸ್ತೆ ಮುಟ್ಟಿತು. ನಿಜವಾದ ವಿದ್ಯೆ ಎಂದರೆ ಇದೇ ಎಂದುಕೊಂಡೆ. ನನ್ನ ತಪ್ಪಿಗಾಗಿ ಆಕೆ ಎಲ್ಲರಿಗಿಂತ ಹಿಂದೆ ಹೋಗಿ ನಿಂತಳು, ಜ್ವರದಲ್ಲೇ. ನಾನೂ ಆಕೆಯ ಜೊತೆಗೆ ನಿಂತೆ. ನಮ್ಮ ಮನೆತನದಲ್ಲಿ ರೇಷನ್ ಸಾಲಿನಲ್ಲಿ ನಿಂತವಳು ನಾನೇ ಮೊದಲನೆಯವಳು.

ಒಬ್ಬ ಮುದುಕಿ ಮಾತ್ರ ನನ್ನನ್ನು ಬಿಡಲಿಲ್ಲ. ಆಕೆ ಒಂದು ಚಪ್ಪಲಿಯನ್ನು ತನ್ನ ಹೆಸರಿಗೂ ಇನ್ನೊಂದನ್ನು ಬೇರೆ ಒಲೆ ಹೂಡಿದ ಸೊಸೆಯ ಹೆಸರಿಗೂ, ನಡುವೆ ಆರು ಜನರನ್ನು ಬಿಟ್ಟು ಇಟ್ಟಿದ್ದಳಂತೆ. ನಾನು ಎರಡನ್ನೂ ಹುಡುಕಿ ಜೋಡಿ ಮಾಡಿದ್ದೆ.

"ಬಾಯಿಸಾಬ, ಅತ್ತಿ ಸೊಸಿನ್ನ ಒಂದೇ ಕಡಿ ಕೂಡಿಸಿಬಿಟ್ರಿ," ಎಂದಳು. "ಹದಿನೈದು ವರ್ಷ ಆತು, ನನ್ನ ಮಗನ ಕೈಲೆ ಆಗಿಲ್ಲ ಈ ಕೆಲಸ."

ಒಂಬತ್ತು ಪಡ್ಡು

ನನ್ನ ನಾದಿನಿ ನಿಲಂಗಾದಲ್ಲಿದ್ದಾಳೆ. ಹೋದ ತಿಂಗಳು ಬಂದಿದ್ದಳು. ಹುಡುಗಿ ಅಂದು ಪಡ್ಡು ಮಾಡಿದ್ದಳು, ಒಂದು ತಟ್ಟೆ ಕೆಳಗೂ ತಂದಿಟ್ಟಳು. ನಾದಿನಿ ಮೂರು ತಿಂದು ಹೊಗಳಿದಳು, ಆರು ತಿಂದು ಯಾವ ಅಕ್ಕಿ ಎಂದು ಕೇಳಿದಳು, ಒಂಬತ್ತು ತಿಂದು ಉತ್ತರಕ್ಕೆ ಕಾದಳು. ರೇಷನ್ ಅಕ್ಕಿ ಎಂದು ಹುಡುಗಿ ಹೇಳಿದ ಕೂಡಲೇ ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬಂದಳು. ಹುಡುಗಿಯ ಹೆಸರನ್ನೂ ಕೇಳದೆ, ಆಕೆಯ ಎದುರಿಗೇ ನನಗೆ ಅಂದಳು:

"ಓದಿದ ಭಿಕಾರಿನ್ನ ಮನ್ಯಾಗ ಇಟ್ಕೊಂಡೀಯಲ್ಲ ವೈನಿ."

ಹುಡುಗಿ ಖಾಲಿ ತಟ್ಟೆ ತೆಗೆದುಕೊಂಡು ಮೇಲೆ ಹೋದಳು. ಮೇಲಿನಿಂದ ಪಾತ್ರೆ ತಿಕ್ಕುವ ಸದ್ದು ಕೇಳಿತು. ನನಗೆ ಎರಡು ಮಾತು ಅಂದು ಹೋಗಿದ್ದರೆ ಚೆನ್ನಾಗಿತ್ತು.

ಹದಿನೈದು ದಿನಕ್ಕೆ ಹುಡುಗಿಯ ಮೇಲೆ ದೂರು ಹೋಗಿದೆ, ತಪಾಸಣೆಗೆ ಬರುತ್ತಾರೆ ಎಂದು ರೇಷನ್ ಅಂಗಡಿಯವನು ಬಂದು ಹೇಳಿದ. ಪರೀಕ್ಷೆಗೆ ಉಳಿದದ್ದು ಒಂದೇ ತಿಂಗಳು. ಹೆಸರು ಕಡಿದರೆ ಅಕ್ಕಿಗಾಗಿ ಸಂಜೆಯೂ ಕ್ಲಾಸು ಹಿಡಿಯಬೇಕು, ಹಿಡಿದರೆ ಓದಿಗೆ ಹೊತ್ತಿಲ್ಲ, ಪರೀಕ್ಷೆ ಕೈಬಿಟ್ಟಂತೆಯೇ. ಆಕೆ ಅಳಲಿಲ್ಲ. ಕೆಳಗೆ ಬಂದು, ಮುಂದಿನ ತಿಂಗಳು ಕೋಣೆ ಬಿಡಬೇಕಾದೀತು, ಮೊದಲೇ ಹೇಳುವುದು ಚಲೋ ಅಂತ ಹೇಳಿದೆ ಕಾಕು, ಎಂದಳು. ನಾನು ನಲ್ಲಿ ನೋಡುವ ನೆಪದಿಂದ ಹಿತ್ತಿಲಿಗೆ ಹೋದೆ.

ಪಂಚನಾಮೆ

ತಪಾಸಣೆಯ ಸಾಹೇಬ ಬಂದಾಗ ಹುಡುಗಿ ಕ್ಲಾಸಿಗೆ ಹೋಗಿದ್ದಳು. ನಾನು ಬೆಳಗಿನ ನಾಷ್ಟಾಕ್ಕೆ ಕೂತಿದ್ದೆ, ಬಿಳಿ ಮೇಜುಬಟ್ಟೆ ಹಾಸಿ, ಚಮಚ ಬಲಕ್ಕೆ ಇಟ್ಟುಕೊಂಡು. ಪಕ್ಕದ ಮನೆಯ ಇಬ್ಬರು ಯಜಮಾನರನ್ನು ಸಾಹೇಬ ಸಾಕ್ಷಿಗೆ ಪಂಚರೆಂದು ಕರೆತಂದಿದ್ದ. ಬಹಳ ಸಭ್ಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಬಂದ. ಕಾಗದ ತೆಗೆದು ಕೇಳತೊಡಗಿದ. ನಿಮ್ಮ ಶಿಕ್ಷಣ? ಕಾನ್ವೆಂಟ್, ಆಮೇಲೆ ಬಿ.ಎ., ಎಂದೆ. ಮನೆ? ಸ್ವಂತದ್ದು. ಹೊಲ? ಇದೆ. ಮೋಟಾರು? ಎರಡು. ಆತನ ಮುಖ ಪ್ರತಿ ಉತ್ತರಕ್ಕೂ ಗಟ್ಟಿಯಾಗುತ್ತ ಹೋಯಿತು. ಕೊನೆಗೆ ಪೆನ್ನು ಎತ್ತಿ ಹಿಡಿದು ಕೇಳಿದ:

"ಹಿಂಗಿದ್ದೂ ನೀವು ರೇಷನ್ ಅಕ್ಕಿ ತಿಂತೀರೇನ್ರಿ ಬಾಯಿ?"

ನನ್ನ ಎದುರಿನ ತಟ್ಟೆಯಲ್ಲಿ ಪಡ್ಡು ಇದ್ದವು. ಹುಡುಗಿ ಕ್ಲಾಸಿಗೆ ಹೋಗುವ ಮುಂಚೆ ಕೊಟ್ಟದ್ದು. ಅವಳ ಕೈಯ ಪಡ್ಡನ್ನು ನಾನು ಈಚೆಗೆ ಬೇಡ ಅನ್ನುವುದಿಲ್ಲ. ಸುಳ್ಳು ಹೇಳಬಾರದು ಎಂದು ನನಗೆ ಕಲಿಸಿದ್ದಾರೆ.

"ಹೌದ್ರಿ," ಎಂದೆ. "ಇವತ್ತ ನಾಕು."

ಬರೆದುಕೊಂಡ. ಪಂಚರು ಸಹಿ ಹಾಕಿದರು, ನನ್ನ ಮುಖ ನೋಡದೆ. ಆಮೇಲೆ ದೂರನ್ನು ಓದಿ ಹೇಳಿದ: ಈ ಗಲ್ಲಿಯ ಎರಡು ಅಂತಸ್ತಿನ ಮನೆಯಲ್ಲಿರುವ ಸುಶಿಕ್ಷಿತ ಬಾಯಿ ಬಡವರ ಅಕ್ಕಿ ತಿನ್ನುತ್ತಾಳೆ, ಅದೇ ಅಕ್ಕಿಯಿಂದ ಪಡ್ಡು ಮಾಡುತ್ತಾಳೆ, ಪಡ್ಡು ಬಹಳ ಮೆತ್ತಗಿರುತ್ತವೆ. ಕೆಳಗೆ ಸಹಿ ಇಲ್ಲ. ಹೆಸರು ಕೇಳುವ ಸೌಜನ್ಯವಿಲ್ಲದವರು ಬರೆದರೆ ದೂರಿನಲ್ಲಿ ಹೆಸರೂ ಇರುವುದಿಲ್ಲ, ಮನೆಯಲ್ಲಿದ್ದ ಸುಶಿಕ್ಷಿತ ಬಾಯಿಯೇ ಸಿಕ್ಕಿಬೀಳುತ್ತಾಳೆ. ಆದರೆ ಪಡ್ಡು ಮೆತ್ತಗಿದ್ದವೆಂದು ಗೊತ್ತಿದ್ದ ಬಾಯಿ ನಮ್ಮಿಬ್ಬರನ್ನು ಬಿಟ್ಟರೆ ಒಂದೇ, ಅದು ನಿಲಂಗಾದಲ್ಲಿದೆ.

ಅಷ್ಟರಲ್ಲಿ ಹುಡುಗಿ ಬಂದಳು. ಅವರು ಹುಡುಕುವುದು ತನ್ನನ್ನು ಎಂದು ತಾನೇ ಹೇಳಿ, ಕಾರ್ಡು, ಅಪ್ಪನ ಆದಾಯದ ದಾಖಲೆ ತಂದಿಟ್ಟಳು. ಸಾಹೇಬ ಮೇಲಿನ ಕೋಣೆಯನ್ನೂ ನೋಡಿದ. ಗೋಡೆಯ ಅರ್ಜಿಯನ್ನು ಕೊನೆಯ ಸಾಲಿನವರೆಗೆ ಓದಿದ.

"ತಾರೀಖು ಹಾಕಿಲ್ಲಲ್ಲ ತಾಯಿ?"

"ಪರೀಕ್ಷಾ ಪಾಸಾಗ್ಲಿರಿ ಸಾಹೇಬ್ರ. ಅವತ್ತ ನಾನೇ ತಂದು ಕೊಡ್ತೀನಿ."

ಆತ ಕೆಳಗೆ ಬಂದು, ಕಾರ್ಡು ಮನೆಯ ಆದಾಯ ನೋಡುತ್ತದೆ, ಡಿಗ್ರಿ ನೋಡುವುದಿಲ್ಲ, ಈಕೆಯ ಹೆಸರು ಹಾಗೇ ಇರಲಿ ಎಂದು ಬರೆದ. ಉಳಿದದ್ದು ನನ್ನ ಜಬಾಬು, ನಾನು ಕೊಟ್ಟ ಹೇಳಿಕೆ. ಪಂಚರು ಸಹಿ ಹಾಕಿದ ಕಾಗದವನ್ನು ಹರಿಯುವ ಹಾಗಿಲ್ಲವಂತೆ. ತಲೆ ಕೆರೆದುಕೊಂಡು, ಅದರ ಕೆಳಗೇ ಒಂದು ಸಾಲು ಸೇರಿಸಿದ. ಈಗ ಸರಕಾರದ ಕಡತದಲ್ಲಿ, ನಾಲ್ಕು ತಲೆಮಾರಿನ ನಮ್ಮ ಮನೆತನದ ಬಗ್ಗೆ ಇರುವ ಕೊನೆಯ ಉಲ್ಲೇಖ ಇದು: "ಸದರಿ ಬಾಯಿ ಫಲಾನುಭವಿ ಅಲ್ಲ. ನಾಲ್ಕು ಪಡ್ಡು ತಿಂದಿದ್ದಾರೆ, ಇಷ್ಟೇ."

ಹೋಗುವಾಗ ಸಾಹೇಬನೂ ಎರಡು ತಿಂದ. ಅದನ್ನು ಬರೆದುಕೊಳ್ಳಲಿಲ್ಲ.

ನನ್ನ ಹೆಸರು ಆ ಕಡತದಲ್ಲಿ ಇರಲಿ, ನನಗೆ ಅಡ್ಡಿಯಿಲ್ಲ. ಆ ಹುಡುಗಿಯ ಅಕ್ಕಿ ಉಂಡದ್ದಕ್ಕೆ ನಾಚಿಕೆಯೂ ಇಲ್ಲ. ಆದರೆ ನಾದಿನಿಗೆ ತಿಳಿದಿರಲಿ: ನಾನು ತಿಂದದ್ದು ನಾಲ್ಕು, ಒಪ್ಪಿಕೊಂಡಿದ್ದೇನೆ. ಆಕೆ ತಿಂದದ್ದು ಒಂಬತ್ತು. ನಿಲಂಗಾದಿಂದ ಉಮರಗಾಕ್ಕೆ ದಿನಾಲೂ ಬಸ್ಸುಗಳಿವೆ. ಬಂದು, ಚಪ್ಪಲಿಯನ್ನು ಬಾಗಿಲ ಹೊರಗೆ ಜೋಡಿಸಿ ಬಿಟ್ಟು, ಮೇಲಿನ ಕೋಣೆಗೆ ಹತ್ತಿ, ಮೊದಲು ಆ ಹುಡುಗಿಯ ಹೆಸರು ಕೇಳಬೇಕು. ಆಮೇಲೆ ಕ್ಷಮೆ ಕೇಳಬೇಕು.