ತಂಪಾದ ಸ್ಥಳಕ್ಕೆ ಸ್ಥಳಾಂತರಿಸಿ

ಸ್ಟೋರಣ್ಣನ ತಲೆ ಕೆಡಿಸಿದ್ದು ಎರಡೇ ಎರಡು ಸಾಲು. ಹಿಂದಿನ ದಿನ ಮಧ್ಯಾಹ್ನ ಹೊಸ ಟ್ಯಾಬಿನಲ್ಲಿ ಸಕ್ಕರೆ ಮೂಟೆಗಳ ಲೆಕ್ಕ ಏರಿಸುತ್ತಿದ್ದಾಗ ಪರದೆ ಇದ್ದಕ್ಕಿದ್ದಂತೆ ಕಪ್ಪಾಗಿ, ಅದರ ಮೇಲೆ ಬೆಳ್ಳಗೆ ಅಕ್ಷರ ಮೂಡಿತ್ತು: ‘ಸಾಧನ ಅತಿಯಾಗಿ ಬಿಸಿಯಾಗಿದೆ. ದಯವಿಟ್ಟು ತಂಪಾದ ಸ್ಥಳಕ್ಕೆ ಸ್ಥಳಾಂತರಿಸಿ.’

ಸ್ಟೋರಣ್ಣ ಅದನ್ನು ಮೂರು ಸಲ ಓದಿದ. ಮೂರನೆಯ ಸಲ ಕಣ್ಣು ಮಂಜಾಯಿತು. ಹತ್ತೊಂಬತ್ತು ವರ್ಷದಲ್ಲಿ ಆ ಕೋಣೆಯ ಬಗ್ಗೆ ಇಷ್ಟು ಸತ್ಯವಾದ ಮಾತನ್ನು, ಅದೂ ‘ದಯವಿಟ್ಟು’ ಸೇರಿಸಿ, ಯಾರೂ ಆಡಿರಲಿಲ್ಲ.

ಅದು ಬಿಸ್ಕತ್ತು ಕಾರ್ಖಾನೆಯ ಸ್ಟೋರ್ ರೂಮು. ಒಂದು ಗೋಡೆಯ ಆಚೆಗೆ ಓವನ್, ಆ ಗೋಡೆಗೆ ಬೆನ್ನು ಕೊಟ್ಟು ಸ್ಟೋರ್‌ಕೀಪರನ ಕುರ್ಚಿ. ಆಚೆ ಸರಿಸೋಣವೆಂದರೆ ಉಳಿದ ಮೂರು ದಿಕ್ಕಿಗೂ ಸೂರಿನವರೆಗೆ ಮೈದಾ, ಸಕ್ಕರೆ, ರಟ್ಟಿನ ಪೆಟ್ಟಿಗೆ. “ಆ ಕಡೆ ಬಿಸ್ಕತ್ತು ಬೇಯುತ್ತೆ, ಈ ಕಡೆ ನಾನು ಬೇಯ್ತೀನಿ. ಬಿಸ್ಕತ್ತನ್ನಾದ್ರೂ ಹತ್ತು ನಿಮಿಷಕ್ಕೆ ಹೊರಗೆ ತೆಗೀತಾರೆ” ಎಂದು ಅವನು ಕಂಡಕಂಡವರಿಗೆ ಹೇಳಿ ಆಗಿತ್ತು. ಮ್ಯಾನೇಜರಿಗೆ ಹನ್ನೊಂದು ಅರ್ಜಿ ಕೊಟ್ಟಿದ್ದ. ಹನ್ನೊಂದಕ್ಕೂ ಬಂದದ್ದು ಒಂದೇ ಉತ್ತರ: ‘ಪರಿಶೀಲಿಸಲಾಗುವುದು.’

ಅವನೇನು ಅರಮನೆ ಕೇಳಿರಲಿಲ್ಲ. ಮಹಡಿಯ ಮೇಲಿನ ಎ.ಸಿ. ರೂಮಿನಲ್ಲಿ, ಗಾಳಿ ನೇರವಾಗಿ ಬೀಳುವ ಜಾಗದಲ್ಲಿ, ಒಂದು ಮೆತ್ತನೆಯ ಕುರ್ಚಿ ಎರಡು ವರ್ಷದಿಂದ ಖಾಲಿ ಬಿದ್ದಿತ್ತು. ಅದರ ಪಕ್ಕದಲ್ಲಿ ಕೂರುವ ಲೆಕ್ಕದ ಗುಮಾಸ್ತರಿಗೋ ಎ.ಸಿ. ಗಾಳಿಯೇ ಆಗದು. ವರ್ಷವಿಡೀ ಕಂದು ಬಣ್ಣದ ಸ್ವೆಟರ್ ತೊಟ್ಟು ಮೂಗು ಒರೆಸಿಕೊಂಡೇ ಕೂರುತ್ತಿದ್ದರು. ಕಾರ್ಖಾನೆಯಲ್ಲಿ ಅವರ ಹೆಸರೇ ಸ್ವೆಟರ್ ಗುಮಾಸ್ತರು ಎಂದಾಗಿತ್ತು. ಹಲ್ಲಿಲ್ಲದವರ ಬಾಯಿಗೆ ಕಡಲೆ ಹಾಕಿದ ಹಾಗೆ ಅವರಿಗೆ ಆ ತಂಪು ಸಿಕ್ಕಿದೆಯಲ್ಲ ಎಂದು ಸ್ಟೋರಣ್ಣನಿಗೆ ಹೊಟ್ಟೆ ಉರಿಯುತ್ತಿತ್ತು. ಹೊಟ್ಟೆ ಒಳಗಿನಿಂದ, ಬೆನ್ನು ಹೊರಗಿನಿಂದ.

ಈಗ ದಾರಿ ಕಂಡಿತು. ಹೊಸ ಟ್ಯಾಬ್ ಹೇಗೆ ನಡೆಯುತ್ತಿದೆ ಎಂದು ನೋಡಲು ಮ್ಯಾನೇಜರು ಇವತ್ತು ನಾಲ್ಕು ಗಂಟೆಗೆ ಸ್ಟೋರಿಗೆ ಬರುವವರಿದ್ದರು. ಅವರ ಕಣ್ಣೆದುರೇ ಟ್ಯಾಬ್ ಕಾದು, ಅವರ ಮುಖಕ್ಕೇ ಆ ಎರಡು ಸಾಲು ತೋರಿಸಬೇಕು. ಟ್ಯಾಬ್ ಮೇಲಕ್ಕೆ ಹೋದರೆ ಅದನ್ನು ಒತ್ತುವ ಬೆರಳೂ ಮೇಲಕ್ಕೆ ಹೋಗಲೇಬೇಕಲ್ಲ!

“ನಾಳೆಯಿಂದ ನನ್ನ ಅಂಗಿ ತಿಕ್ಕಿ ತಿಕ್ಕಿ ಒಗೆಯೋ ಕೆಲಸ ಇರಲ್ಲ ಕಣೆ” ಎಂದ ಬೆಳಿಗ್ಗೆ ಹೆಂಡತಿಗೆ.

ಬೆವರಿನ ಉಪ್ಪು ಹೆಪ್ಪುಗಟ್ಟಿ ಬೆನ್ನ ಮೇಲೆ ಬಿಳಿ ಪಟ್ಟೆ ಬಿದ್ದ ಅಂಗಿಗಳನ್ನು ಹತ್ತೊಂಬತ್ತು ವರ್ಷ ಒಗೆದವಳು ಅವಳು. “ಯಾಕ್ರೀ, ಕೆಲಸ ಬಿಡ್ತಿದ್ದೀರಾ?” ಎಂದಳು ಗಾಬರಿಯಾಗಿ.

“ಸಂಜೆ ಬಂದು ಹೇಳ್ತೀನಿ” ಎಂದು ಸ್ಟೋರಣ್ಣ ಶಿಳ್ಳೆ ಹಾಕುತ್ತ ಹೊರಟ.

ಅವನು ಮಾಡಿದ ಮೊದಲ ತಪ್ಪೆಂದರೆ ಆ ಎರಡು ಸಾಲಿನ ವಿಷಯ ಕಾರ್ಖಾನೆಯ ಎಲೆಕ್ಟ್ರಿಷಿಯನ್ನನ ಮುಂದೆ ಬಾಯಿಬಿಟ್ಟದ್ದು. ಸಾಕ್ಷಿಗೆ ಒಬ್ಬ ಇರಲಿ ಎಂದುಕೊಂಡಿದ್ದ. ಆದರೆ ಅಂಗಡಿಯಲ್ಲಿ ಟ್ಯಾಬ್ ಆರಿಸಿ ತಂದವನೇ ಆ ಎಲೆಕ್ಟ್ರಿಷಿಯನ್. “ಕಡಿಮೆ ಬೆಲೇದು ಇರ್ಲಿ, ಆದ್ರೆ ಕೆಲಸಕ್ಕೆ ಬರಬೇಕು” ಎಂದು ಮ್ಯಾನೇಜರು ಇಬ್ಬರನ್ನೂ ಕಳಿಸಿದ್ದಾಗ ಸ್ಟೋರಣ್ಣನ ಕೈ ಅಂಗಡಿಯಲ್ಲಿ ತೆಳ್ಳಗೆ ಬೆಳ್ಳಗೆ ಹೊಳೆಯುವ ಒಂದರ ಕಡೆ ಹೋಗಿತ್ತು. “ಅಣ್ಣ, ಹೆಣ್ಣು ನೋಡೋಕೆ ಬಂದಿದ್ದೀರಾ? ಹೊಳಪು ಬಿಡಿ. ಬ್ಯಾಟರಿ ದೊಡ್ಡದಿದೆಯಾ ನೋಡಿ. ಮೆಮೊರಿ ಕಾರ್ಡಿಗೆ ಕಿಂಡಿ ಇದೆಯಾ ನೋಡಿ. ಹೊಸ ಸಾಫ್ಟ್‌ವೇರ್ ಎಷ್ಟು ವರ್ಷ ಬರುತ್ತೆ ಕೇಳಿ” ಎಂದು ಎಲೆಕ್ಟ್ರಿಷಿಯನ್ ಅವನ ಕೈ ತಡೆದಿದ್ದ. ಎರಡು ಗಂಟೆ ಅಂಗಡಿಯವನ ಪ್ರಾಣ ತಿಂದು, ಕೊನೆಗೆ ಸ್ಲೇಟಿನಷ್ಟು ದಪ್ಪದ ಕರೀ ಟ್ಯಾಬೊಂದನ್ನು ಹಿಡಿದು ಹೊರಬಂದಿದ್ದ. ಅಂದಿನಿಂದ ಅದು ಅವನ ಮರ್ಯಾದೆಯ ಪ್ರಶ್ನೆ.

“ಬಿಸಿಯಾಯ್ತಾ? ನಾನು ಆರಿಸಿದ ಟ್ಯಾಬಾ?” ಎಂದ ಅವನು. ಮನೆಯ ಮಗಳಿಗೆ ಯಾರೋ ಏನೋ ಅಂದರೆಂಬ ಹಾಗಿತ್ತು ಆ ಮುಖ. “ಮ್ಯಾನೇಜರ್ ಬರೋ ದಿನ ಹಿಂಗಾಗೋಕೆ ಬಿಡ್ತೀನಾ? ಇರಿ, ಬಂದೆ.”

ಹತ್ತು ನಿಮಿಷದಲ್ಲಿ ಎಲ್ಲಿಂದಲೋ ಒಂದು ಟೇಬಲ್ ಫ್ಯಾನ್ ತಂದು ಮೇಜಿನ ಮೇಲೆ ಕೂರಿಸಿದ. ಫ್ಯಾನಿಗಾಗಿ ಸ್ಟೋರಣ್ಣ ಬರೆದ ಅರ್ಜಿಗಳೇ ನಾಲ್ಕು! ಅವನು ಆಸೆಯಿಂದ ಗಲ್ಲವನ್ನು ಮೆಲ್ಲಗೆ ಗಾಳಿಯ ದಾರಿಗೆ ಒಡ್ಡಿದ.

“ಅಣ್ಣ, ಸ್ವಲ್ಪ ಸರೀರಿ. ಟ್ಯಾಬಿನ ಗಾಳಿಗೆ ಅಡ್ಡ ಬರ್ತಿದ್ದೀರಿ” ಎಂದು ಎಲೆಕ್ಟ್ರಿಷಿಯನ್ ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸಿದ.

ಎಲೆಕ್ಟ್ರಿಷಿಯನ್ ಅತ್ತ ಹೋದದ್ದೇ ತಡ, ಸ್ಟೋರಣ್ಣ ಫ್ಯಾನ್ ಆರಿಸಿದ. ದೊಡ್ಡದನ್ನು ಪಡೆಯಬೇಕಾದರೆ ಚಿಕ್ಕದನ್ನು ಬಿಡಬೇಕಲ್ಲ. ಟ್ಯಾಬಿನ ಬೆಳಕನ್ನು ತುದಿಗೇರಿಸಿದ. ಕಾರು ಓಡಿಸುವ ಆಟ ತೆರೆದ. ಅದರ ಹಿಂದೆಯೇ ಭೂಪಟ, ಅದರ ಹಿಂದೆ ನದಿ ಹರಿಯುವ ಮೂರು ಗಂಟೆಯ ವೀಡಿಯೊ. ಚಾರ್ಜಿಗೂ ಹಾಕಿದ. ಹನ್ನೆರಡೂವರೆಗೆ ಟ್ಯಾಬಿನ ಬೆನ್ನು ಮುಟ್ಟಿ ನೋಡಿದರೆ ಬೆಚ್ಚಗಾಗುತ್ತಿತ್ತು. “ಬಾ ನನ್ನಪ್ಪ, ಬಾ” ಎಂದು ಅದನ್ನು ಸವರಿದ.

ಆಗಲೇ ಅಂಟುಪಟ್ಟಿಯ ಸುರುಳಿ ಒಯ್ಯಲು ಪ್ಯಾಕಿಂಗ್ ಅಕ್ಕ ಒಳಗೆ ಬಂದಳು. ಬಿಸ್ಕತ್ತು ಪೊಟ್ಟಣ ಕಟ್ಟುವ ವಿಭಾಗದ ಮೇಲ್ವಿಚಾರಕಿ. ಬಿರುಕು ಬಿಟ್ಟ ಅಗ್ಗದ ಮೊಬೈಲೊಂದನ್ನು ಏಳು ವರ್ಷ ಬದುಕಿಸಿಟ್ಟವಳೆಂಬ ಖ್ಯಾತಿ ಬೇರೆ.

“ಅಯ್ಯೋ ಅಯ್ಯೋ ಅಯ್ಯೋ!” ಎಂದು ಅಕ್ಕ ಎದೆ ಬಡಿದುಕೊಂಡಳು. “ಏನ್ ಸ್ಟೋರಣ್ಣ ಇದು, ಇಷ್ಟೊಂದು ಬೆಳಕು! ಮದುವೆ ಮನೆಯಾ? ಬಡಪಾಯಿ ಟ್ಯಾಬು, ಅದರ ಶಕ್ತಿ ನೋಡ್ಕೊಂಡು ಕೆಲಸ ಹೇಳ್ಬೇಕು. ಕೊಡಿ ಇಲ್ಲಿ!”

“ಇರ್ಲಿ ಬಿಡಕ್ಕ, ನಾನೇ...”

“ನಿಮಗೆ ಗೊತ್ತಾಗಲ್ಲ, ಸುಮ್ನಿರಿ.” ಅಕ್ಕನ ಹೆಬ್ಬೆರಳು ಪಟಪಟನೆ ಆಡಿತು. ಆಟ ಹೋಯಿತು, ನದಿ ಬತ್ತಿತು, ಭೂಪಟ ಮಡಚಿಕೊಂಡಿತು. “ತೆರೆದದ್ದನ್ನ ಮುಚ್ಚೋದು ಕಲೀರಿ. ಬೇಡದ ಆಪ್ ತೆಗೆದುಹಾಕಿ. ಬೆಳಕು ಅರ್ಧಕ್ಕಿಳಿಸಿ. ಚಾರ್ಜಿಗೆ ಹಾಕ್ಕೊಂಡು ಕೆಲಸ ಮಾಡ್ಬೇಡಿ. ಹಿಂಗಿಟ್ರೆ ಐದು ವರ್ಷ ಬಾಳುತ್ತೆ ನೋಡಿ.” ಹೊರಡುವ ಮುಂಚೆ ಸ್ಟೀಲ್ ತಟ್ಟೆಯೊಂದನ್ನು ಒದ್ದೆ ಬಟ್ಟೆಯ ಮೇಲಿಟ್ಟು, ತಟ್ಟೆಯ ಮೇಲೆ ಟ್ಯಾಬನ್ನು ಮಲಗಿಸಿ, ಫ್ಯಾನನ್ನೂ ಹಾಕಿ ಹೋದಳು. ಟ್ಯಾಬು ತಣ್ಣಗೆ ಹೊಳೆಯಿತು.

ಅದಾದ ಮೇಲೆ ಸ್ಟೋರಣ್ಣ ಒಂದು ಕಣ್ಣು ಬಾಗಿಲ ಮೇಲಿಟ್ಟು ಟ್ಯಾಬನ್ನು ಓವನ್ ಗೋಡೆಗೇ ಒರಗಿಸಿದ. ಎರಡು ಗಂಟೆಗೆ ಗೋಡೆಯಾಚೆಯಿಂದ ಕಿರ್ ಎಂದು ಸದ್ದು ಬಂದು ಎಲ್ಲ ನಿಶ್ಶಬ್ದವಾಯಿತು. ಬಿಸ್ಕತ್ತು ಸಾಗಿಸುವ ಓವನ್ನಿನ ಪಟ್ಟಿ ಸಿಕ್ಕಿಹಾಕಿಕೊಂಡಿತ್ತು. ಸರಿ ಮಾಡಲು ಓವನ್ ಆರಿಸಿಬಿಟ್ಟರು. ಮೂರರ ಹೊತ್ತಿಗೆ, ಕೆಲಸದ ದಿನವೊಂದರಲ್ಲಿ ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ, ಆ ಗೋಡೆ ತಣಿಯಿತು. ಸ್ಟೋರಣ್ಣ ಅದರ ಮೇಲೆ ಅಂಗೈ ಇಟ್ಟು, “ಇವತ್ತೇ ಆಗ್ಬೇಕಿತ್ತಾ ನಿಂಗೆ?” ಎಂದು ಬೈದ.

ಇನ್ನು ಉಳಿದದ್ದು ಒಂದೇ ಉಪಾಯ. ಇಪ್ಪತ್ತೆರಡು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಎ.ಸಿ. ರೂಮಿಗೆ ನುಗ್ಗಿದ.

“ಗುಮಾಸ್ತರೇ, ನಿಮ್ಮ ಸ್ವೆಟರ್ ಒಂದು ಗಂಟೆ ಕೊಡ್ತೀರಾ?”

ಸ್ವೆಟರ್ ಗುಮಾಸ್ತರು ಕನ್ನಡಕ ಏರಿಸಿ ನೋಡಿದರು. “ಸ್ಟೋರಲ್ಲಿ ಸ್ವೆಟರಾ? ಯಾಕ್ರೀ?”

ನಿಜ ಹೇಳುವ ಹಾಗಿಲ್ಲ. “ಯಾಕೋ... ಚಳಿ ಸಾರ್” ಎಂದ ಸ್ಟೋರಣ್ಣ. ಆ ಕ್ಷಣ ಅವನ ಗಲ್ಲದಿಂದ ಒಂದು ಹನಿ ಬೆವರು ಗುಮಾಸ್ತರ ಕಾಗದದ ಮೇಲೆ ಬಿತ್ತು.

ಗುಮಾಸ್ತರ ಮನಸ್ಸು ಕರಗಿತು. ಚಳಿಯ ಕಷ್ಟ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ! “ಪಾಪ, ಬೆವರಿ ಚಳಿ ಬರ್ತಿದೆ. ಚಳಿಜ್ವರ ಕಣ್ರೀ ಇದು. ತಗೊಳ್ಳಿ, ನಾನು ಹೇಗೋ ತಡ್ಕೋತೀನಿ” ಎಂದು ಬಿಚ್ಚಿ ಕೊಟ್ಟು, ಅವನು ಮೆಟ್ಟಿಲಿಳಿಯುವಷ್ಟರಲ್ಲಿ ಇಂಟರ್‌ಕಾಮ್ ಎತ್ತಿ ಪ್ಯಾಕಿಂಗ್ ವಿಭಾಗಕ್ಕೆ ಸುದ್ದಿ ಮುಟ್ಟಿಸಿದರು.

ಸ್ಟೋರಣ್ಣ ಮತ್ತೆ ಬೆಳಕೇರಿಸಿ, ಕಾರು ಓಡಿಸಿ, ನದಿ ಹರಿಸಿ, ಟ್ಯಾಬನ್ನು ಎದೆಗೊತ್ತಿಕೊಂಡು ಮೇಲಿಂದ ಸ್ವೆಟರ್ ತೊಟ್ಟು ಗುಂಡಿ ಹಾಕಿದ. ಅಷ್ಟರಲ್ಲಿ ಆಚೆ ಓವನ್ನೂ ಶುರುವಾಯಿತು. ಗೋಡೆಗೆ ಬೆನ್ನು ಒತ್ತಿ ಕೂತ. ಹಿಂದೆ ಓವನ್, ಮುಂದೆ ಟ್ಯಾಬು, ನಡುವೆ ಅವನು. ಕಣ್ಣೊಳಗೆ ಬೆವರು ಇಳಿದು ಉರಿಯಿತು. ‘ಇದೇ ಕೊನೇ ಸಲ, ತಡ್ಕೋ’ ಎಂದು ತನಗೆ ತಾನೇ ಹೇಳಿಕೊಂಡು ಹಲ್ಲು ಕಚ್ಚಿದ. ಕಚ್ಚಿದ ಹಲ್ಲು ಸೆಖೆಗೆ ನಡುಗಿತು.

ಬಾಗಿಲಲ್ಲಿ ಪ್ಯಾಕಿಂಗ್ ಅಕ್ಕ ಕಾಣಿಸಿದಳು. ಹಿಂದೆ ಎಲೆಕ್ಟ್ರಿಷಿಯನ್. ಅಕ್ಕ ಬಂದವಳೇ ಅವನ ಹಣೆ ಮುಟ್ಟಿ ಕೈ ಹಿಂದಕ್ಕೆಳೆದಳು. “ಅಮ್ಮಾ! ಕೆಂಡ! ನಡುಗ್ತಾ ಬೇರೆ ಇದ್ದಾರೆ. ಕಾಫಿ ಬಿಸಿ ಬಿಸಿ ತರಿಸಿ ಯಾರಾದ್ರೂ!”

“ಬೇಡ ಅಕ್ಕಾ!” ಎಂದು ಸ್ಟೋರಣ್ಣ ನರಳಿದ.

“ಟ್ಯಾಬೆಲ್ಲಿ ಅಣ್ಣ?” ಎಂದ ಎಲೆಕ್ಟ್ರಿಷಿಯನ್, ಬರಿದಾದ ಸ್ಟೀಲ್ ತಟ್ಟೆ ನೋಡಿ.

ಅದಕ್ಕೆ ಉತ್ತರ ಕೊಡುವ ಮುಂಚೆ ಗಂಟಲು ಸರಿಪಡಿಸಿಕೊಳ್ಳುತ್ತ ಮ್ಯಾನೇಜರು ಒಳಗೆ ಬಂದರು. ಗಂಟೆ ಸರಿಯಾಗಿ ನಾಲ್ಕು. “ಎಲ್ರಿ, ತೋರಿಸಿ ನಿಮ್ಮ ಟ್ಯಾಬು.”

ಸ್ಟೋರಣ್ಣ ಸ್ವೆಟರಿನೊಳಗೆ ಕೈ ಹಾಕಿ ಟ್ಯಾಬನ್ನು ಈಚೆ ತೆಗೆದ. ಮ್ಯಾನೇಜರು ಕೈಗೆತ್ತಿಕೊಂಡವರೇ “ಹಾ!” ಎಂದು ಎಡಗೈಗೆ, ಅಲ್ಲಿಂದ ಬಲಗೈಗೆ ಹಾರಿಸಿದರು. ಪರದೆ ಕಪ್ಪಾಯಿತು. ಅಕ್ಷರ ಮೂಡಿತು. ಮ್ಯಾನೇಜರು ಗಟ್ಟಿಯಾಗಿ ಓದಿದರು: “ಸಾಧನ ಅತಿಯಾಗಿ ಬಿಸಿಯಾಗಿದೆ. ದಯವಿಟ್ಟು ತಂಪಾದ ಸ್ಥಳಕ್ಕೆ ಸ್ಥಳಾಂತರಿಸಿ.”

ಸ್ಟೋರಣ್ಣನಿಗೆ ಆ ದನಿ ಕಿವಿಗೆ ಜೇನು ಸುರಿದಂತಿತ್ತು.

“ಸಾರ್, ಟ್ಯಾಬ್ ತಪ್ಪಲ್ಲ ಸಾರ್” ಎಂದು ಎಲೆಕ್ಟ್ರಿಷಿಯನ್ ಮುಂದೆ ಬಂದ. “ಈ ರೂಮ್ ನೋಡಿ ಸಾರ್, ಕುಲುಮೆ. ಇಂಥ ಜಾಗದಲ್ಲಿ ಯಾವುದು ಬಾಳುತ್ತೆ ಹೇಳಿ.”

ಮ್ಯಾನೇಜರು ಗೋಡೆ ಮುಟ್ಟಿದರು. ಕೈ ಕೊಡವಿದರು. ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು. “ಛೆ ಛೆ ಛೆ. ಇಷ್ಟು ಸೆಖೆ ಅಂತ ನನಗೆ ಯಾರೂ ಹೇಳೇ ಇಲ್ವಲ್ರೀ!”

ಹನ್ನೊಂದು ಅರ್ಜಿಗಳೂ ಸ್ಟೋರಣ್ಣನ ಗಂಟಲಿಗೆ ಬಂದು ನಿಂತವು. ಅವುಗಳನ್ನು ನುಂಗಿಕೊಂಡ. ಗೆದ್ದ ಮೇಲೆ ಜಗಳವೇಕೆ.

“ಇದನ್ನ ಈಗಿಂದೀಗಲೇ ಎ.ಸಿ. ರೂಮಿಗೆ ಸಾಗಿಸಿ. ಗುಮಾಸ್ತರ ಪಕ್ಕ ಕುರ್ಚಿ ಖಾಲಿ ಇದೆಯಲ್ಲ, ಅಲ್ಲಿಡಿ” ಎಂದರು ಮ್ಯಾನೇಜರು.

“ಆಗ್ಲಿ ಸಾರ್!” ಸ್ಟೋರಣ್ಣ ಚಂಗನೆ ಎದ್ದ. “ನನ್ನ ಸಾಮಾನು ಕಟ್ಕೊಂಡು ನಾನೂ ಮೇಲೆ...”

“ನೀವಾ?” ಮ್ಯಾನೇಜರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಏನ್ರೀ ಇದು, ಸ್ವೆಟರ್?”

“ಚಳಿಜ್ವರ ಸಾರ್ ಅವರಿಗೆ. ಹಣೆ ಮುಟ್ಟಿದ್ರೆ ಸುಡುತ್ತೆ” ಎಂದಳು ಪ್ಯಾಕಿಂಗ್ ಅಕ್ಕ.

“ಚಳೀನೂ ಇಲ್ಲ, ಜ್ವರಾನೂ ಇಲ್ಲ! ನಾನು ಬೇಯ್ತಾ ಇದ್ದೀನಿ ಸಾರ್!” ಎಂದು ಸ್ಟೋರಣ್ಣ ಸ್ವೆಟರಿನ ಗುಂಡಿ ಕೀಳಲು ಹೋದ.

ಅಕ್ಕ ಅವನ ಕೈ ಹಿಡಿದುಕೊಂಡಳು. “ನೋಡಿದ್ರಾ ಸಾರ್, ಇಷ್ಟೊತ್ತು ಚಳಿ ಅಂತಿದ್ರು, ಈಗ ಸೆಖೆ ಅಂತಾರೆ. ಜ್ವರ ತಲೆಗೇರಿದೆ.”

ಮ್ಯಾನೇಜರ ಕಣ್ಣಲ್ಲಿ ನಿಜವಾದ ಕನಿಕರ ತುಂಬಿತು. “ಇಂಥ ಸ್ಥಿತೀಲಿ ಎ.ಸಿ. ಗಾಳಿಯಾ? ಬೇಡ ಬೇಡ, ಆ ಪಾಪ ನನಗೆ ಬೇಡ. ನೀವು ಇಲ್ಲೇ ಬೆಚ್ಚಗಿರಿ. ಮೊದಲಿನ ಹಾಗೆ ರಿಜಿಸ್ಟರಲ್ಲಿ ಬರೀರಿ, ಚೀಟಿ ಮಾಡಿ ಮೇಲೆ ತಂದು ಕೊಡಿ, ಗುಮಾಸ್ತರು ಟ್ಯಾಬಿಗೆ ಏರಿಸ್ತಾರೆ. ಆ ಫ್ಯಾನ್ ಯಾಕೆ ಇಲ್ಲಿ? ಜ್ವರದವರ ಮುಖಕ್ಕೆ ಗಾಳಿ! ತೆಗೀರಿ ಅದನ್ನ.”

ಎಲೆಕ್ಟ್ರಿಷಿಯನ್ ಒಂದು ಕಂಕುಳಲ್ಲಿ ಫ್ಯಾನು, ಇನ್ನೊಂದು ಕೈಯಲ್ಲಿ ಟ್ಯಾಬು ಹಿಡಿದು, ಗೆದ್ದವನ ಹಾಗೆ ಮೆಟ್ಟಿಲೇರಿದ.

ಐದು ಗಂಟೆಗೆ ಸ್ಟೋರಣ್ಣ ಮೊದಲನೆಯ ಚೀಟಿ ಹಿಡಿದು ಮೇಲೆ ಹೋದ. ಎರಡು ವರ್ಷದಿಂದ ಅವನು ಕನಸು ಕಂಡ ಕುರ್ಚಿಯ ಮೇಲೆ, ಮೆತ್ತೆಯ ನಟ್ಟನಡುವೆ, ಟ್ಯಾಬು ಒರಗಿ ಕೂತಿತ್ತು. ಗಾಳಿ ನೇರವಾಗಿ ಅದರ ಮೇಲೇ ಬೀಳುತ್ತಿತ್ತು. ಪಕ್ಕದಲ್ಲಿ ಗುಮಾಸ್ತರು ಕೈ ಕಟ್ಟಿಕೊಂಡು ಗಡಗಡ ನಡುಗುತ್ತಿದ್ದರು. ಸ್ಟೋರಣ್ಣ ಸ್ವೆಟರ್ ಬಿಚ್ಚಿ ಕೊಡಹೋದರೆ ಅವರು ತೆಗೆದುಕೊಳ್ಳಲೇ ಇಲ್ಲ.

“ಇಟ್ಕೊಳ್ಳಿ, ಇಟ್ಕೊಳ್ಳಿ. ನಿಮಗೆ ಅಗತ್ಯ ಜಾಸ್ತಿ. ನಿಮ್ಮ ಮನೆಗೂ ಫೋನ್ ಮಾಡಿ ಎಲ್ಲಾ ಹೇಳಿದ್ದಾಗಿದೆ” ಎಂದು ಸೀನಿ, ಒಂದು ಕಾಗದ ಅವನ ಕೈಗಿತ್ತರು. “ಮ್ಯಾನೇಜರು ಕೊಟ್ಟಿದ್ದು. ನಿಮ್ಮ ಫೈಲಿಗಂತೆ.”

ಸ್ಟೋರಣ್ಣ ಬಿಡಿಸಿ ನೋಡಿದ. ‘ಸ್ಟೋರ್ ರೂಮಿನ ಸೆಖೆಯ ಬಗ್ಗೆ ತಾವು ಸಲ್ಲಿಸಿದ ಹನ್ನೊಂದು ಅರ್ಜಿಗಳನ್ನು ಪರಿಶೀಲಿಸಲಾಗಿದೆ. ಸೂಕ್ತ ಕ್ರಮ ಕೈಗೊಂಡಿದ್ದು, ಈ ವಿಷಯವನ್ನು ಮುಕ್ತಾಯಗೊಳಿಸಲಾಗಿದೆ.’

ಅಷ್ಟರಲ್ಲಿ ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು. ಹೆಂಡತಿ.

“ರೀ, ಚಳಿಜ್ವರವಂತೆ? ಬೆಳಿಗ್ಗೆ ಅಂಗಿ ಒಗೆಯೋದಿರಲ್ಲ ಅಂದಾಗಲೇ ನಂಗೆ ಅನುಮಾನ ಬಂತು, ಮಾತು ಒಂಥರಾ ಇತ್ತು. ಬೇಗ ಬನ್ನಿ. ಕಿಟಕಿಯೆಲ್ಲ ಮುಚ್ಚಿದ್ದೀನಿ. ಎರಡು ಕಂಬಳಿ ಬಿಸಿಲಿಗೆ ಹಾಕಿ ಕಾಯಿಸಿಟ್ಟಿದ್ದೀನಿ.”