ಒಲೆ ಹಚ್ಚದ ಉಂಡಿಯ ಚರಿತ್ರೆ

ವಿಜಾಪುರದಲ್ಲಿ ಆ ಉಂಡಿಗೆ ‘ಅಂಬಾದಾಸನ ಉಂಡಿ’ ಎಂದು ಹೆಸರು ಬಿದ್ದು ಐದಾರು ವರ್ಷವಾಗಿತ್ತು. ಕಟ್ಟಿದವಳು ಸಾವಂತ್ರವ್ವ, ಹೆಸರು ಗಂಡನದು. (ಆ ಗಂಡನಿಗೆ ಮನೆಯಲ್ಲಿ ಬೆಲ್ಲದ ಡಬ್ಬಿ ಎಲ್ಲಿದೆ ಎಂಬುದು ಇವತ್ತಿಗೂ ಗೊತ್ತಿಲ್ಲ.) ಬೆಂಕಿಯ ಮುಖ ನೋಡದ ಉಂಡಿ, ಕಟ್ಟಿದವಳ ಹೊಟ್ಟೆಯನ್ನು ಮಾತ್ರ ದಿನಾ ಸುಡುತ್ತಿತ್ತು.

ಅದರ ಜನ್ಮವೃತ್ತಾಂತ ಹೀಗಿದೆ. ಐವತ್ತೆಂಟರ ಶ್ರಾವಣದಲ್ಲಿ ಟಿಕೋಟಾದಿಂದ ನಾದಿನಿ ಏಳು ಮಂದಿಯನ್ನು ಕಟ್ಟಿಕೊಂಡು ಬಂದಿಳಿದಳು. ಸೀಮೆಎಣ್ಣೆ ಸ್ಟೋವಿನ ತೂತು ಕಟ್ಟಿಕೊಂಡಿತ್ತು. ಅದನ್ನು ಚುಚ್ಚಿ ಬಿಡಿಸುವ ಪಿನ್ನು ತಾ ಎಂದು ಮೂರು ಸಲ ಹೇಳಿ ಕಳಿಸಿದರೂ ಅಂಬಾದಾಸ ಎಲೆ ಅಡಿಕೆ ಹಾಕಿಕೊಂಡು ಕೈಬೀಸಿ ಬಂದ. ಬಾಡಿಗೆ ಮನೆ, ಕಟ್ಟಿಗೆಯ ಒಲೆ ಹೂಡಲು ಮಾಲಕರ ಅಪ್ಪಣೆಯಿರಲಿಲ್ಲ. ಸಜ್ಜಕ ಬೇಯಿಸಲು ತೆಗೆದಿಟ್ಟ ರವೆ ಡಬ್ಬಿಯಲ್ಲೇ ಉಳಿಯಿತು. ಸಾವಂತ್ರವ್ವ ಹುರಿದ ಕಡಲೆಯ ಪುಠಾಣಿ ಕುಟ್ಟಿದಳು, ಬೆಲ್ಲ ಜಜ್ಜಿದಳು, ಒಣಕೊಬ್ಬರಿ ಹೆರೆದಳು, ಇದ್ದ ತುಪ್ಪ ಸುರಿದು ಉಂಡಿ ಕಟ್ಟಿದಳು. ಏಳು ಮಂದಿ ತಿಂದರು, ಉಳಿದದ್ದನ್ನು ಸೆರಗಿಗೂ ಕಟ್ಟಿಕೊಂಡರು.

ಅಂಬಾದಾಸ ಸರಕಾರಿ ಕಚೇರಿಯ ಸಿಪಾಯಿ. ನೆಂಟರ ಕೈಗೆ ಸಿಗದ ನಾಲ್ಕು ಉಂಡಿ ಕಚೇರಿಗೆ ಒಯ್ದ. ಸಾಹೇಬರು ತಿಂದರು, ಕಾರಕೂನರು ತಿಂದರು, ಅವರ ಹೆಂಡಂದಿರು ಕಲಿತರು. ಯಾರದು ಎಂದು ಕೇಳಿದವರಿಗೆಲ್ಲ ಅಂಬಾದಾಸ ‘ನಮ್ಮದು’ ಎಂದನಂತೆ. ಮರುವರ್ಷ ಸ್ಟೇಷನ್ ರಸ್ತೆಯ ಹೋಟೆಲಿನ ಕಪಾಟಿನಲ್ಲಿ ಉಂಡಿ ಅವನ ಹೆಸರು ಹೊತ್ತು ಕೂತಿತ್ತು.

‘ನನ್ನ ಹೆಸರ ಹೇಳಾಕ ನಿಮಗೇನ ನಾಲಿಗಿ ಬಿದ್ದಿತ್ತೇನ್ರಿ?’ ಎಂದು ಆಕೆ ಕೇಳಿದಳು.

‘ಲೇ, ನಾ ಪಿನ್ನ ತಂದಿದ್ರ ನೀ ಸಜ್ಜಕಾ ಮಾಡ್ತಿದ್ದಿ. ಉಂಡಿ ಹುಟ್ಟಿದ್ದ ನನ್ನಿಂದ.’

ಆಲಸ್ಯವೂ ಒಂದು ಪಾಕಶಾಸ್ತ್ರ ಎಂದು ಸಾವಂತ್ರವ್ವನಿಗೆ ಅಂದು ತಿಳಿಯಿತು.

ಒಮ್ಮೆ ನೆರೆಮನೆಯ ಚಾಂದಬಿಯ ಜೊತೆ ಆ ಹೋಟೆಲಿಗೇ ಹೋದಳು. ತನ್ನ ಉಂಡಿಯನ್ನು ಅವರು ಎಷ್ಟು ಕೆಡಿಸಿದ್ದಾರೆ ಎಂದು ನೋಡುವ ಆಸೆ. ಮಾಣಿ ಬಂದು ಏನು ಬೇಕೆಂದ. ಗಂಡನ ಹೆಸರು ಬಾಯಲ್ಲಿ ತರುವಂತಿಲ್ಲವಲ್ಲ. ಒಲೆಯ ಮೇಲೆ ಇಡದೆ ಮಾಡುತ್ತಾರಲ್ಲ, ಅದು ಎಂದಳು. ಅವನು ಹೋಗಿ ಎರಡು ಗ್ಲಾಸು ನೀರು ತಂದಿಟ್ಟ. ಕೊನೆಗೆ ಚಾಂದಬಿಯೇ ಹೆಸರು ಹೇಳಿ ತರಿಸಿದಳು.

‘ನಿನ್ನ ಉಂಡಿ ನಿನಗ ಕೇಳಾಕ ಬರಂಗಿಲ್ಲ. ಎಂಥಾ ನಸೀಬ ಬೇ ಅಕ್ಕಾ ನಿಂದು,’ ಎಂದಳು. ಬಂದ ಉಂಡಿಯಲ್ಲಿ ತುಪ್ಪವೂ ಇರಲಿಲ್ಲ.

ಅರವತ್ತನಾಲ್ಕರಲ್ಲಿ ತವರೂರು ಬಬಲೇಶ್ವರದಲ್ಲಿ ಅಣ್ಣನ ಮಗಳ ಮದುವೆ. ಪಂಕ್ತಿಯಲ್ಲಿ ಆ ಉಂಡಿಯೇ ಬಂತು, ಆ ಹೆಸರಿನಿಂದಲೇ ಬಂತು. ಸಾವಂತ್ರವ್ವನಿಗೆ ತಡೆಯಲಾಗಲಿಲ್ಲ. ಇದನ್ನು ಮೊದಲು ಕಟ್ಟಿದವಳು ನಾನು ಎಂದು ಎಲೆಯ ಮುಂದೆಯೇ ಸಾರಿದಳು. ಟಿಕೋಟಾದಿಂದ ಬಂದಿದ್ದ ಗಂಡಿನ ಕಡೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಅವರಲ್ಲಿ ಹಿರಿಯಳಾದ ಶಂಕ್ರೆವ್ವ ಎಂಬ ಮುದುಕಿ ನಗಲಿಲ್ಲ.

‘ಹಂಗಾರ ನೀ ಯಾರ ಮನ್ಯಾಕಿ ತಂಗಿ? ಒಡಪ ಹಾಕಿ ಹೆಸರ ಹೇಳು, ಆಮ್ಯಾಲ ನಂಬತೀವಿ.’

ಗಂಡನ ಹೆಸರು ಹೇಳಲು ಹೆಂಗಸಿಗೆ ಇರುವ ಬಾಗಿಲು, ಹೆಸರನ್ನು ಪ್ರಾಸದಲ್ಲಿ ಹೆಣೆದು ಹೇಳುವ ಒಡಪ ಒಂದೇ. ಸಾವಂತ್ರವ್ವ ಆರು ವರ್ಷದ ವಿಷವನ್ನೆಲ್ಲ ಅದರೊಳಗೆ ಅರೆದು ಹಾಕಿದಳು:

‘ಪುಠಾಣಿ ಕುಟ್ಟಿ, ಬೆಲ್ಲಾ ಜಜ್ಜಿ, ಉಂಡಿ ಕಟ್ಟಿದಾಕಿ ನಾನ;
ಅಂಬಾದಾಸರ ಹೆಸರ ಊರಾಗೆಲ್ಲಾ ಹಬ್ಬಿಸಿದಾಕಿ ನಾನ.’

ಕುಟುಕಿದೆ ಎಂದುಕೊಂಡು ತಲೆಯೆತ್ತಿ ನೋಡಿದರೆ ಶಂಕ್ರೆವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಾಳೆ.

‘ಗಂಡನ ಹೆಸರಿಗೆ ಇಷ್ಟ ಜೀವಾ ತೇಯೂವಾಕಿ ಈ ಕಾಲದಾಗ ಸಿಗಂಗಿಲ್ಲವಾ,’ ಎಂದಳು. ಮದುಮಗಳನ್ನು ಎಬ್ಬಿಸಿ ಸಾವಂತ್ರವ್ವನ ಕಾಲಿಗೆ ಬೀಳಿಸಿದರು. ಸಾವಂತ್ರವ್ವ ಹರಸಲೇಬೇಕಾಯಿತು.

ಒಡಪ ಗಂಡಿನವರ ಜೊತೆ ಟಿಕೋಟಾಕ್ಕೆ ಹೋಯಿತು, ಟಿಕೋಟಾದಿಂದ ವಿಜಾಪುರಕ್ಕೆ ಬಂತು. ಬರುವ ದಾರಿಯಲ್ಲಿ ಮೊದಲ ಸಾಲು ಎಲ್ಲೋ ಉದುರಿ, ಹೆಸರಿದ್ದ ಸಾಲು ಮಾತ್ರ ಉಳಿದಿತ್ತು. ದೀಪಾವಳಿಯ ಹೊತ್ತಿಗೆ ಹೋಟೆಲಿನವನು ಅದನ್ನೇ ಹಲಗೆಯ ಮೇಲೆ ಬರೆಸಿ ತೂಗುಹಾಕಿದ.

ಅಂಬಾದಾಸ ಅದನ್ನು ಓದಿಕೊಂಡು ಮನೆಗೆ ಬಂದ. ಬಹಳ ದಿನಗಳ ಮೇಲೆ ಹೆಂಡತಿಯನ್ನು ಪ್ರೀತಿಯಿಂದ ನೋಡಿದ.

‘ಮನ್ಯಾಗ ಎಷ್ಟ ಜಗಳಾಡಿದ್ರೂ, ನಾಕ ಮಂದ್ಯಾಗ ಖರೇ ಒಪ್ಪಿಕೊಂಡಿ ನೋಡು,’ ಎಂದ. ಆಮೇಲೆ, ನಾಳೆ ಕಚೇರಿಗೆ ಹೊಸ ಸಾಹೇಬರು ಬರುತ್ತಾರೆ, ನಲವತ್ತು ಉಂಡಿ ಬೇಕು, ತುಪ್ಪ ಸ್ವಲ್ಪ ಕೈಬಿಚ್ಚಿ ಹಾಕು ಎಂದ.

ಸಾವಂತ್ರವ್ವ ಪುಠಾಣಿ ಕುಟ್ಟಲು ಒಳ್ಳಿನ ಮುಂದೆ ಕೂತಳು.