ಬೆಟಾಂಗ್ ಬಾಣಂತನ

ಕಾಲೇಜು ಬಿಟ್ಟೋನಿಗೆ ನೆಮ್ಮದಿ ಅಂತ ಯಾರೋ ಹೇಳಿದ್ರು. ಅವ್ರು ಕೈಗೆ ಸಿಗ್ಬೇಕು ನಂಗೆ! ಇಂಗ್ಲೆಂಡಿನ ಕೊವೆಂಟ್ರೀಲಿ ಇಂಜಿನಿಯರಿಂಗಿಗೆ ಕೈ ಮುಗಿದು, ಊರಾಚೆಯ ಒಂದು ಸಂಶೋಧನಾ ಕೇಂದ್ರದಲ್ಲಿ ಬೆಟಾಂಗ್ ನೋಡ್ಕೊಳ್ಳೋ ಕೆಲಸಕ್ಕೆ ಸೇರ್ದೆ. ಬೆಟಾಂಗ್ ಅಂದ್ರೆ ಮೊಲದಷ್ಟು ಪುಟ್ಟ ಕಾಂಗರೂ. ಆಸ್ಟ್ರೇಲಿಯಾದಲ್ಲೇ ಅಳಿದುಹೋಗ್ತಿದೆ, ಅದಕ್ಕೇ ಇಲ್ಲಿ ಸಾಕಿ ಮರಿ ಮಾಡಿಸೋದು. ಅಲ್ಲಿಂದ ದಿನಾ ಒಂದು ರಗಳೆ.

ಬೋರ್ಡು

ನಮ್ಮ ಹೆಣ್ಣು ಬೆಟಾಂಗಿನ ಹೊಟ್ಟೆಚೀಲದಲ್ಲಿ ಕೊನೆಗೂ ಮರಿ ಕಾಣಿಸ್ತು. ಆದ್ರೆ ಇದು ಬೆದರಿದ್ರೆ ಮರೀನೇ ಚೀಲದಿಂದ ಆಚೆ ಎಸೆದು ಓಡುತ್ತೆ. ಹೋದ ಸಲದ ಮರಿ ಸತ್ತಿದ್ದೇ ಹಾಗೆ, ಬಾಸ್ ಕರ್ಕೊಂಡು ಬಂದ ಜನರ ಗಲಾಟೆಗೆ. ಈ ಸಲ ಬಾಗಿಲಿಗೆ 'ಒಳಗೆ ಬರಬೇಡಿ' ಅಂತ ದೊಡ್ಡದಾಗಿ ಬರೆದು ಅಂಟಿಸ್ದೆ.

"ದಾನಿಗಳು ಬರ್ತಾರೆ ಕಣೋ, ತೆಗಿ" ಅಂದ ಬಾಸ್.

"ಬಂದು ಏನು ನೋಡ್ತಾರೆ? ಸತ್ತ ಮರೀನಾ?" ಅಂತ ರೇಗಿದೆ.

ಊಟ ಮುಗಿಸಿ ಬಂದ್ರೆ, ಆ ಮಹಾನುಭಾವ ನನ್ನ ಹಾಳೇನೇ ತಿರುಗಿಸಿ, ಹಿಂದುಗಡೆ 'ವಿಐಪಿ ಟೂರ್ ಈ ಕಡೆ' ಅಂತ ಬರೆದು ಅಂಟಿಸಿದ್ದ!

ರೌಂಡ್ಸ್

ದಾನಿಗಳು ಬರೋ ದಿನವೇ ಪಕ್ಕದೂರು ಸೊಲಿಹಲ್‌ನಿಂದ ಚಿಕ್ಕಮ್ಮ ಬಂದ್ರು. ಅವ್ರು ಅಲ್ಲಿ ಜಿಪಿ, ಅಂದ್ರೆ ಫ್ಯಾಮಿಲಿ ಡಾಕ್ಟರ್. ಕ್ಲಿನಿಕ್ಕಿಂದ ನೇರ ಬಂದಿದ್ರು, ಕೊರಳಲ್ಲಿ ಐಡಿ ಕಾರ್ಡು ನೇತಾಡ್ತಿತ್ತು.

"ಇಲಿ ಬಾಣಂತನ ಮಾಡೋಕೇನೋ ನಿನ್ನ ಓದ್ಸಿದ್ದು? ನಡಿ ಕಾಲೇಜಿಗೆ!"

ಅಷ್ಟರಲ್ಲಿ ಬಾಸ್ ಹಿಂದೆ ದಾನಿಗಳ ದಂಡು, ಸೆಲ್ಫಿ ಸ್ಟಿಕ್ ಸಮೇತ. ಚಿಕ್ಕಮ್ಮ ಬಾಗಿಲಿಗೆ ಅಡ್ಡ ನಿಂತು ಇಂಗ್ಲಿಷಲ್ಲೇ ಜಾಡಿಸಿದ್ರು. "ಬಾಣಂತಿ ರೂಮಿಗೆ ಬೂಟು ಹಾಕ್ಕೊಂಡು ನುಗ್ತೀರಲ್ಲ, ಬುದ್ಧಿ ಇದೆಯಾ? ಮನೆಯೋರು ಬಿಟ್ಟು ಯಾರೂ ಬರಕೂಡದು!"

"ಸಾರಿ ಡಾಕ್ಟರ್" ಅಂತ ಬಾಸ್ ಅವರ ಐಡಿ ಕಾರ್ಡು ನೋಡಿ ದಂಡನ್ನೆಲ್ಲ ವಾಪಸ್ ತಿರುಗಿಸ್ದ. ಹೋಗ್ತಾ ನನ್ನ ಕಿವೀಲಿ, "ಇನ್‌ಸ್ಪೆಕ್ಷನ್ ಇದೆ ಅಂತ ಮೊದ್ಲೇ ಹೇಳೋಕೇನೋ ರೋಗ?"

ಮನೆಯೋರು

ಕೆಲವು ವಾರ ನೆಮ್ಮದಿ. ಒಂದು ಶನಿವಾರ ನೋಡ್ತೀನಿ, ಅದೇ ಚಿಕ್ಕಮ್ಮ! ಜೊತೆಗೆ ಕನ್ನಡ ಸಂಘದ ಆಂಟಿಯರು, ರೇಷ್ಮೆ ಸೀರೆ, ಡಬ್ಬಿ ತುಂಬ ಅಂಟಿನುಂಡೆ. ಒಬ್ರ ಕೈಯಲ್ಲಿ ಗಿಲಕಿ ಬೇರೆ! ನಂಗೆ ಮೈಯೆಲ್ಲ ಉರಿದುಹೋಯ್ತು.

"ಚಿಕ್ಕಮ್ಮ, ಆ ಗಿಲಕಿ ಒಂದ್ಸಲ ಅಲ್ಲಾಡಿದ್ರೆ ಮರಿ ಸತ್ತಂಗೆ! ನೀವೇ ತಾನೇ ಯಾರೂ ಬರಕೂಡದು ಅಂದಿದ್ದು?"

"ನಾವೇನು ಹೊರಗಿನೋರೇನೋ?"

ಬಾಸ್ ಓಡಿ ಬಂದು, ಎರಡೂ ಕೈ ಚಾಚಿ ಬಾಗಿಲಿಗೆ ಅಡ್ಡ ನಿಂತ. "ನಿಮ್ದೇ ರೂಲ್ ಡಾಕ್ಟರ್. ಮನೆಯೋರು ಮಾತ್ರ."

"ಏನ್ರೀ, ನಾನು ಆ ಮಗೂಗೆ ಅಜ್ಜಿ ಆಗ್ಬೇಕು!"

ಬಾಗಿಲ ಪಕ್ಕದ ಕ್ಯಾಮರಾ ಪರದೇಲಿ ಮರಿ ಚೀಲದಿಂದ ಮೂತಿ ಹೊರಗೆ ಹಾಕಿ ಇಣುಕ್ತಿತ್ತು. ಬಾಸ್ ಅದರ ಮುಖ ನೋಡ್ದ, ನನ್ನ ಮುಖ ನೋಡ್ದ.

"ಮೂಗು ಹೋಲುತ್ತೆ" ಅಂದ. "ಆದ್ರೂ ಬಿಡಲ್ಲ."